ಆರಿದ್ರೆಯ ಜೋಡಿ, ಸದ್ಯಕ್ಕೆ ಸಸ್ಪೆನ್ಸ್ ಅಕೌಂಟಿನಲ್ಲಿ

ಊರು ಬಿಟ್ಟು ಪುಣೆ ಸೇರಿ ಇಪ್ಪತ್ತೆಂಟು ವರ್ಷವಾದರೂ ಆರಿದ್ರಾ ಅಂದರೆ ನನಗೆ ಮೊದಲು ನೆನಪಾಗುವುದು ಮಳೆ. ಅದೇ ಹೆಸರಿನ ಕೆಂಪು ನಕ್ಷತ್ರ, ಅಂದರೆ ಬೀಟಲ್‌ಜ್ಯೂಸ್, ಚಳಿಗಾಲದಲ್ಲಿ ನಮ್ಮ ಟೆರೇಸಿನಿಂದಲೂ ಕಾಣುತ್ತೆ. 2025ರ ಜುಲೈನಲ್ಲಿ ಅದಕ್ಕೊಂದು ಜೋಡಿ "ಸಿಕ್ಕಿತು" ಅಂತ ಸುದ್ದಿಯಾಯ್ತು. ಸಂಶೋಧಕರು ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ "ಬಹುಶಃ" ಎಂದಿದ್ದರು. ಎಷ್ಟೋ ಸುದ್ದಿಗಳಲ್ಲಿ ಆ ಪದವೇ ಮಾಯ. ನನ್ನ ತಕರಾರು ಅದಕ್ಕೇ.

ನೋಡಿದ್ದು ಹವಾಯಿಯ 8.1 ಮೀಟರಿನ ಜೆಮಿನೈ ನಾರ್ತ್ ದೂರದರ್ಶಕದಿಂದ. ಗಾಳಿಯ ಅಲುಗಾಟದಲ್ಲಿ ನಕ್ಷತ್ರದ ಚಿತ್ರ ಕದಡಿಹೋಗುತ್ತೆ. ಅದಕ್ಕೆ ಕ್ಷಣಮಾತ್ರದ ಸಾವಿರಾರು ಫೋಟೋ ತೆಗೆದು, ಎಲ್ಲದರಲ್ಲೂ ಉಳಿಯುವ ವಿನ್ಯಾಸವನ್ನು ಲೆಕ್ಕದಿಂದ ಹೊರತೆಗೆಯುತ್ತಾರೆ. ಜೋಡಿ ಇರುವುದು ಕೇವಲ 0.05 ಆರ್ಕ್‌ಸೆಕೆಂಡ್ ದೂರದಲ್ಲಿ, ಆರಿದ್ರೆಗಿಂತ ಸುಮಾರು 250 ಪಟ್ಟು ಮಂಕಾಗಿ. ಇಲ್ಲೊಂದು ಮೋಸವಿದೆ. "ಒಂದೇ ನಕ್ಷತ್ರ" ಎನ್ನುವ ಲೆಕ್ಕಕ್ಕಿಂತ "ಎರಡು" ಎನ್ನುವ ಲೆಕ್ಕ ಚಿತ್ರಕ್ಕೆ ಯಾವಾಗಲೂ ತುಸು ಚೆನ್ನಾಗೇ ಹೊಂದುತ್ತೆ, ಯಾಕೆಂದರೆ ತಿರುಗಿಸಲು ಇನ್ನಷ್ಟು ಗುಂಡಿ ಸಿಗುತ್ತವೆ. ಹಾಗಾಗಿ ಕೇಳಬೇಕಾದ್ದು, ಎಷ್ಟು ಚೆನ್ನಾಗಿ ಹೊಂದುತ್ತೆ ಅಂತ. ಅವರೇ ಕೊಟ್ಟ ಉತ್ತರ 1.5 ಸಿಗ್ಮಾ. ಜೋಡಿ ಇಲ್ಲದಿದ್ದರೂ ಬರೀ ಗದ್ದಲವೇ ನೂರಕ್ಕೆ ಆರೇಳು ಸಲ ಇಷ್ಟು ಎತ್ತರದ ಉಬ್ಬು ತೋರಿಸಬಹುದು! ಭೌತಶಾಸ್ತ್ರದಲ್ಲಿ ಕಣ ಸಿಕ್ಕಿತು ಎನ್ನಲು ಕೇಳುವುದು 5 ಸಿಗ್ಮಾ.

ಹಾಗಂತ ತಳ್ಳಿಹಾಕುವಂತೆಯೂ ಇಲ್ಲ. ಆರಿದ್ರೆಯ ಹೊಳಪು ಸುಮಾರು ಆರು ವರ್ಷಕ್ಕೊಮ್ಮೆ ಏರಿಳಿಯುವುದನ್ನು ನೋಡಿ, ಜೋಡಿ ಇರಬಹುದು, 2024ರ ಡಿಸೆಂಬರಿನ ಹೊತ್ತಿಗೆ ದೂರ ಸರಿದಿರುತ್ತೆ ಅಂತ ಮೊದಲೇ ಲೆಕ್ಕ ಹಾಕಿದ್ದರು. ಆಗಲೇ, ಹೇಳಿದ ಜಾಗದ ಹತ್ತಿರವೇ ಚುಕ್ಕೆ ಕಂಡಿತು. ಅದು ಮರೆಯಾಗಿರಬೇಕಿದ್ದ 2020ರಲ್ಲಿ ಕಂಡಿರಲಿಲ್ಲ. ಎಲ್ಲೋ ಹುಡುಕಿ ಸಿಕ್ಕ ಉಬ್ಬಿಗೂ, ಮೊದಲೇ ಬೊಟ್ಟು ಮಾಡಿದ ಜಾಗದಲ್ಲಿ ಸಿಕ್ಕ ಉಬ್ಬಿಗೂ ಒಂದೇ ಬೆಲೆ ಕಟ್ಟಬಾರದು.

ನಮ್ಮ ಬ್ಯಾಂಕಿನಲ್ಲಿ ಮೊತ್ತ ಬಂದಿದ್ದು ನಿಜ, ಯಾರದ್ದೆಂದು ಖಾತ್ರಿಯಿಲ್ಲ ಅಂದರೆ ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತೇವೆ. ಈ ಚುಕ್ಕೆಗೂ ಅದೇ ಸರಿ ಎಂದು ನನ್ನ ಅಭಿಪ್ರಾಯ. ಅದಕ್ಕಾಗಲೇ ಸಿವಾರ್ಹಾ ಅಂತ ಹೆಸರೂ ಇಟ್ಟಾಗಿದೆ, ಇರಲಿ. 2027ರ ನವೆಂಬರಿನಲ್ಲಿ ಮತ್ತೆ ದೂರ ಸರಿಯುತ್ತೆ ಅಂತ ಲೆಕ್ಕ. ಆಗ ಇನ್ನೊಂದು ಫೋಟೋ ಬರಲಿ, ಎಂಟ್ರಿ ತಿದ್ದೋಣ.