ಕ್ಲಿಪ್ ಹಾಕುವ ಡಾಕ್ಟರೇ, ಸಹಿಗೆ ಮೊದಲು ಕನ್ನಡದಲ್ಲಿ ಹೇಳಿ

ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಸುತ್ತ ಈಗ ಎರಡು ಮೂರಾದರೂ ಹಲ್ಲಿನ ಕ್ಲಿನಿಕ್ ಇರುತ್ತವೆ. ಹೈಸ್ಕೂಲು ಮಕ್ಕಳ ಬಾಯಲ್ಲಿ ಕ್ಲಿಪ್ ಕಾಣುವುದು ಹೊಸದಲ್ಲ. 'ಡಾಕ್ಟರ ಮೇಲೆ ಕೇಸ್ ಹಾಕ್ತೀವಿ' ಎನ್ನುವ ಮಾತೂ ಹೊಸದಲ್ಲ. ಎರಡು ವರ್ಷ ಅಲೆದೆವು, ದುಡ್ಡು ಸುರಿದೆವು, ಹಲ್ಲು ಮತ್ತೆ ಸೊಟ್ಟಗಾಯಿತು ಎಂದು ಮನೆಯವರು. ಹೇಳಿದ ದಿನ ಬರಲಿಲ್ಲ, ಸರಿಯಾಗಿ ಉಜ್ಜಲಿಲ್ಲ, ಈಗ ನಮ್ಮ ಮೇಲೆ ಬೀಳುತ್ತಾರೆ ಎಂದು ಡಾಕ್ಟರು.

ಜಿಲ್ಲೆಯ ಸುದ್ದಿಗೆ ತಿರುಗುವ ನಮ್ಮ ಕಿವಿಗೆ ಎರಡೂ ಕಡೆಯ ಮಾತು ಬೀಳುತ್ತದೆ. ನಮಗೆ ಅನ್ನಿಸುವುದಿಷ್ಟು: ಇಂಥ ಜಗಳದ ಬೀಜ ಮೊದಲ ದಿನವೇ ಬಿದ್ದಿರುತ್ತದೆ. ಅವತ್ತು ಡಾಕ್ಟರು ಏನು ಹೇಳಿದರು, ಯಾವ ಭಾಷೆಯಲ್ಲಿ ಹೇಳಿದರು, ಎಲ್ಲಿ ಬರೆದಿಟ್ಟರು ಎನ್ನುವುದರಲ್ಲಿ.

ಮೊದಲು ಕಾನೂನು. 1995ರಲ್ಲಿ ಸುಪ್ರೀಂ ಕೋರ್ಟು ದುಡ್ಡು ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದಿತು. ಹಲ್ಲಿನ ಡಾಕ್ಟರೂ ಅದರಲ್ಲಿ ಸೇರಿದ್ದಾರೆ. ಈಗಿರುವುದು 2019ರ ಕಾಯ್ದೆ. ತೊಂದರೆ ಆದ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಅಂದರೆ ಕ್ಲಿಪ್ಪಿಗೆ ಮೂವತ್ತೋ ನಲವತ್ತೋ ಸಾವಿರ ಕೊಟ್ಟ ರೈತನೂ ಆಯೋಗದ ಬಾಗಿಲು ತಟ್ಟಬಹುದು.

ಆದರೆ ಚಿಕಿತ್ಸೆ ಫಲ ಕೊಡಲಿಲ್ಲ ಎಂದ ಮಾತ್ರಕ್ಕೆ ಅದು ನಿರ್ಲಕ್ಷ್ಯ ಆಗುವುದಿಲ್ಲ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಅದೇ ಕೆಲಸ ಬಲ್ಲ ಸಾಧಾರಣ ಡಾಕ್ಟರೊಬ್ಬರು ತೋರಿಸುವ ಎಚ್ಚರಿಕೆಯನ್ನು ಇವರು ತೋರಿಸಿದರೇ ಎನ್ನುವುದೇ ಅಲ್ಲಿ ಅಳತೆ. ಎಚ್ಚರಿಕೆ ತೋರಿಸಿದ್ದಕ್ಕೆ ಪುರಾವೆ ಎಲ್ಲಿದೆ? ಡಾಕ್ಟರ ಕಡತದಲ್ಲಿ. ಕಡತವೇ ಇಲ್ಲದಿದ್ದರೆ ಒಳ್ಳೆಯ ಡಾಕ್ಟರೂ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಇನ್ನು ಸಹಿಯ ವಿಚಾರ. ಬಹಳ ಕಡೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ ಮುಂದಿಟ್ಟು 'ಇಲ್ಲೊಂದು ಸೈನ್ ಹಾಕಿ' ಎನ್ನುತ್ತಾರೆ. ತಾಯಿ ಹಾಕುತ್ತಾಳೆ. ಏನು ಬರೆದಿದೆ ಎಂದು ಅವಳಿಗೆ ಗೊತ್ತಿರುವುದಿಲ್ಲ. 2008ರ ಸಮೀರಾ ಕೊಹ್ಲಿ ತೀರ್ಪು ಇಲ್ಲಿ ನೆನಪಿಗೆ ಬರಬೇಕು. ಚಿಕಿತ್ಸೆ ಏನು, ಅದರಿಂದ ಏನು ಲಾಭ, ಬೇರೆ ದಾರಿ ಇದೆಯೇ, ಮುಖ್ಯ ಅಪಾಯಗಳೇನು, ಬೇಡವೆಂದರೆ ಏನಾಗುತ್ತದೆ ಎಂದು ತಿಳಿಸಿ ಪಡೆದದ್ದೇ ನಿಜವಾದ ಒಪ್ಪಿಗೆ ಎಂದು ಕೋರ್ಟು ಹೇಳಿತು. ಓದಲು ಬಾರದ ಭಾಷೆಯ ಹಾಳೆಗೆ ಹಾಕಿಸಿದ ಸಹಿ ಈ ಅಳತೆಗೆ ನಿಲ್ಲುವುದು ಕಷ್ಟ. ಡಾಕ್ಟರು ತಮ್ಮ ರಕ್ಷಣೆ ಎಂದುಕೊಂಡ ಕಾಗದ ಬೇಕಾದ ಹೊತ್ತಿಗೆ ಕೈಕೊಡುತ್ತದೆ.

ಕ್ಲಿಪ್ಪಿನ ವಿಷಯದಲ್ಲಿ ಮೊದಲೇ ಹೇಳಬೇಕಾದ ಸಂಗತಿಗಳು ಬಹಳ ಇಲ್ಲ. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಬೇಕು, ಕೆಲವೊಮ್ಮೆ ಹೆಚ್ಚು. ಜಾಗ ಸಾಲದಿದ್ದರೆ ಗಟ್ಟಿ ಹಲ್ಲನ್ನೇ ಕೀಳಬೇಕಾಗಬಹುದು. ಸರಿಯಾಗಿ ಉಜ್ಜದಿದ್ದರೆ ಕ್ಲಿಪ್ಪಿನ ಸುತ್ತ ಬಿಳಿ ಕಲೆ ಬಿದ್ದು ಉಳಿಯುತ್ತದೆ, ಒಸಡು ಊದುತ್ತದೆ. ಕೆಲವರಿಗೆ ಹಲ್ಲಿನ ಬೇರು ಸ್ವಲ್ಪ ಮೊಟಕಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಕ್ಲಿಪ್ ತೆಗೆದ ಮೇಲೆ ರಿಟೇನರ್ ಹಾಕಿಕೊಳ್ಳದಿದ್ದರೆ ಹಲ್ಲು ಹಳೇ ಜಾಗಕ್ಕೆ ಸರಿಯಬಹುದು. ಇದನ್ನು ಮೊದಲು ಹೇಳಿದರೆ ಅದು ಎಚ್ಚರಿಕೆ. ಹಲ್ಲು ಸರಿದ ಮೇಲೆ ಹೇಳಿದರೆ ಯಾರಿಗಾದರೂ ನೆಪದಂತೆ ಕೇಳಿಸುತ್ತದೆ.

ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಕಡೆ ಫ್ಲೋರೈಡ್ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಮೊದಲೇ ಕಲೆ ಇರುತ್ತದೆ. ಅಂಥ ಹಲ್ಲಿಗೆ ಕ್ಲಿಪ್ ಬಿಗಿಯಾಗಿ ಅಂಟುವುದೂ ಕಷ್ಟ, ಪದೇ ಪದೇ ಕಳಚಬಹುದು. ಮೊದಲ ದಿನವೇ ಫೋಟೊ ತೆಗೆದು, ಮನೆಯವರಿಗೆ ತೋರಿಸಿ, ಕಡತದಲ್ಲಿಡದಿದ್ದರೆ ಮುಂದೆ 'ಕ್ಲಿಪ್ ಹಾಕಿ ಕಲೆ ಮಾಡಿದರು' ಎಂಬ ದೂರಿಗೆ ಉತ್ತರ ಎಲ್ಲಿಂದ ತರುವುದು? ಫೋಟೊ, ಹಲ್ಲಿನ ಅಚ್ಚು, ದವಡೆಯ ಎಕ್ಸ್‌ರೇ ಮೂರೂ ಶುರುವಿಗೆ ಮೊದಲು ಬೇಕು. ನಡುವೆ ಒಮ್ಮೆ ಎಕ್ಸ್‌ರೇ ತೆಗೆದರೆ ಬೇರಿನ ಸ್ಥಿತಿ ತಿಳಿಯುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ, ಮದುವೆ. ಹುಡುಗಿಗೆ ಗಂಡು ಗೊತ್ತಾಯಿತು, ಮುಹೂರ್ತಕ್ಕೆ ಮೊದಲು ಕ್ಲಿಪ್ ತೆಗೆದುಬಿಡಿ ಎಂದು ಒತ್ತಾಯಿಸುತ್ತಾರೆ. ತೆಗೆಯಲೇಬೇಕಾದರೆ 'ಚಿಕಿತ್ಸೆ ಮುಗಿದಿಲ್ಲ, ಕೇಳಿಕೊಂಡದ್ದಕ್ಕೆ ತೆಗೆದಿದ್ದೇವೆ' ಎಂದು ಬರೆದು ಸಹಿ ಪಡೆಯಲಿ. ಆ ಸಹಿ ಹುಡುಗಿಯದೂ ಆಗಿರಲಿ. ಬಾಯಿ ಅವಳದು.

ದೊಡ್ಡ ಊರಿನಿಂದ ತಿಂಗಳಿಗೊಮ್ಮೆ ಬಂದು ಹೋಗುವ ಕ್ಲಿಪ್ ಡಾಕ್ಟರಿದ್ದಾರೆ. ತಂತಿ ಚುಚ್ಚಿ ಕೆನ್ನೆ ಗಾಯವಾದರೆ ಯಾರಿಗೆ ಫೋನ್ ಮಾಡಬೇಕು? ಅವರು ಬರುವುದು ನಿಲ್ಲಿಸಿದರೆ ಮುಂದುವರಿಸುವವರು ಯಾರು? ಕ್ಲಿನಿಕ್ಕಿನವರು ಅವರ ಕಡೆ ಕೈ ತೋರಿಸಿ, ಅವರು ಇವರ ಕಡೆ ಕೈ ತೋರಿಸಿದರೆ ಮನೆಯವರು ಇಬ್ಬರ ಮೇಲೂ ದೂರು ಕೊಡುತ್ತಾರೆ. ಹೊಣೆ ಯಾರದೆಂದು ಮೊದಲೇ ಬರೆದುಕೊಡುವುದು ಎಲ್ಲರಿಗೂ ಒಳ್ಳೆಯದು. ಕಂತು ಬಾಕಿ ಇದೆ ಎಂದು ತಂತಿಯನ್ನು ಬಾಯಲ್ಲೇ ಬಿಟ್ಟು ನೋಡುವುದನ್ನು ನಿಲ್ಲಿಸುವುದಂತೂ ಕೇಸನ್ನು ಕರೆದು ಮನೆಯೊಳಗೆ ಕೂರಿಸಿದಂತೆ.

ಇಷ್ಟೆಲ್ಲ ಆಗಿಯೂ ನೋಟಿಸ್ ಬಂದರೆ? ಆಯೋಗದ ನೋಟಿಸಿಗೆ 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ ಸಿಗುತ್ತದೆ. ಅದಕ್ಕಿಂತ ಹೆಚ್ಚು ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಆದ್ದರಿಂದ ಮೇಜಿನ ಡ್ರಾಯರಿನಲ್ಲಿ ಹಾಕಿ ಮರೆಯುವಂತಿಲ್ಲ. ವಿಮೆ ಇದ್ದರೆ ಕಂಪನಿಗೆ ತಕ್ಷಣ ಬರೆಯಬೇಕು, ವಕೀಲರನ್ನು ಕಾಣಬೇಕು. ಹಳೇ ಕಡತಕ್ಕೆ ಹೊಸ ಸಾಲು ಸೇರಿಸುವ ಆಸೆಯನ್ನು ಮಾತ್ರ ಬಿಡಬೇಕು. ತಿದ್ದಿದ್ದು ಹೊರಬಿದ್ದರೆ ಸರಿಯಾಗಿ ಮಾಡಿದ ಚಿಕಿತ್ಸೆಯನ್ನೂ ಯಾರೂ ನಂಬುವುದಿಲ್ಲ. ಎರಡೂ ಕಡೆಯವರು ಒಪ್ಪಿದರೆ ಆಯೋಗವೇ ರಾಜಿ ಸಂಧಾನಕ್ಕೆ ಕಳಿಸುತ್ತದೆ. ಊರಿನ ಪುಢಾರಿಯ ಕೈಯಲ್ಲಿ ಬೆದರಿಕೆಯ ಫೋನ್ ಮಾಡಿಸುವುದಕ್ಕಿಂತ ಅದು ಮರ್ಯಾದೆಯ ದಾರಿ.

ಡಾಕ್ಟರಿಗೆ ತಪ್ಪಿಸಿಕೊಳ್ಳುವ ದಾರಿ ಹೇಳಿಕೊಡುತ್ತಿದ್ದೀರಾ ಎಂದು ಕೆಲವರು ಕೇಳಬಹುದು. ಹಾಗಲ್ಲ. ಕೇಸಿಗೆ ಹೆದರಿದ ಡಾಕ್ಟರು ಕಷ್ಟದ ಹಲ್ಲನ್ನು ಮುಟ್ಟುವುದಿಲ್ಲ, ನೇರ ಬೆಂಗಳೂರಿಗೆ ಬರೆಯುತ್ತಾರೆ. ಬಸ್ ಚಾರ್ಜು, ಕಳೆದ ಕೂಲಿ ಎಲ್ಲ ನಮ್ಮ ತಲೆಗೆ. ಕಡಿಮೆ ದುಡ್ಡಿಗೆ ಮಾಡುತ್ತೇನೆ ಎನ್ನುವ, ಓದೇ ಇಲ್ಲದವನ ಕೈಗೆ ಮಗುವಿನ ಬಾಯಿ ಸಿಗುತ್ತದೆ. ಕಡತ ನಿಜವಾಗಿದ್ದರೆ ಅದು ಎರಡು ಕಡೆಯೂ ಮಾತಾಡುತ್ತದೆ. ಡಾಕ್ಟರು ತಪ್ಪು ಮಾಡಿದ್ದರೆ ಅದನ್ನೂ ಹೇಳುತ್ತದೆ.

ಓದುವವರಿಗೂ ಎರಡು ಮಾತು. ಮುಂಗಡ ಕೊಡುವ ಮೊದಲು ಡಾಕ್ಟರ ಓದು ಕೇಳಿ. ಬಿಡಿಎಸ್ ಮುಗಿಸಿ ಹಲ್ಲು ಸರಿಪಡಿಸುವುದರಲ್ಲೇ ಎಂಡಿಎಸ್ ಮಾಡಿದವರೇ ಎಂದು ಕೇಳುವುದು ಅವಮಾನವಲ್ಲ. ಸಹಿ ಹಾಕಿದ ಹಾಳೆಯ ಪ್ರತಿ, ಪ್ರತಿ ಕಂತಿಗೂ ರಸೀದಿ ಪಡೆಯಿರಿ. ಹೇಳಿದ ದಿನ ಮಗುವನ್ನು ಕರೆದುಕೊಂಡು ಹೋಗಿ.

ನಮ್ಮ ಕೇಳಿಕೆ ಕರ್ನಾಟಕ ರಾಜ್ಯ ದಂತ ವೈದ್ಯ ಪರಿಷತ್ತಿಗೆ. ಕ್ಲಿಪ್ ಚಿಕಿತ್ಸೆಗೆ ಸರಳ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಎರಡು ಪುಟದ ಒಂದು ಮಾದರಿ ಒಪ್ಪಿಗೆ ಪತ್ರ ಮಾಡಿ ಎಲ್ಲ ಕ್ಲಿನಿಕ್ಕಿಗೂ ಕಳಿಸಲಿ. ಓದಲು ಬಾರದವರಿಗೆ ಓದಿ ಹೇಳಿದವರ ಸಹಿಗೂ ಅದರಲ್ಲಿ ಜಾಗವಿರಲಿ. ಅದು ಬರುವವರೆಗೆ ಡಾಕ್ಟರು ಕಾಯಬೇಕಿಲ್ಲ. ಮುಂದಿನ ಮಗು ಕುರ್ಚಿ ಮೇಲೆ ಕೂರುವ ಮೊದಲು ತಾಯಿಗೆ ಹತ್ತು ನಿಮಿಷ ಕೊಟ್ಟರೆ ಸಾಕು.