ನೈಟ್ ಡ್ಯೂಟಿ ಪತ್ರ – 17: ಫೇಲಾದ ಸ್ಟೇಷನ್ ಮಾತ್ರ

ಹೋದ ಸಲ ಇಲ್ಲಿನ ಆಸ್ಪತ್ರೆಗಳಲ್ಲಿ ತಪ್ಪಾದರೆ ಏನು ಮಾಡ್ತಾರೆ ಅಂತ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಕಾಮೆಂಟಿಗಿಂತ ಇನ್‌ಬಾಕ್ಸಿಗೆ ಬಂದ ಮೆಸೇಜೇ ಜಾಸ್ತಿ. ಆಸ್ಪತ್ರೆ ಬಗ್ಗೆ ಕೇಳಿದವರು ಒಬ್ಬರೋ ಇಬ್ಬರೋ. ಮಿಕ್ಕವರೆಲ್ಲ ಬರೆದಿದ್ದು ಅವರವರ ಮನೆ ವಿಷಯ, ಯಾವತ್ತೋ ಆಗಿಹೋದ ವಿಷಯ. ಅದರಲ್ಲಿ ಎರಡು ಮೆಸೇಜ್ ತಲೆಯಿಂದ ಹೋಗ್ತಾನೇ ಇಲ್ಲ. ಇಬ್ಬರನ್ನೂ ಕೇಳಿಕೊಂಡು, ಗುರುತು ಸಿಗದ ಹಾಗೆ ಇಲ್ಲಿ ಹೇಳ್ತಿದ್ದೀನಿ.

ಒಬ್ಬಳು ನಮ್ಮ ಕಡೆಯ ಹುಡುಗಿ. ಬಿಎಸ್ಸಿ ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಬಂದು ಮೂರು ತಿಂಗಳಾಗಿದೆ. ಓಸ್ಕಿ ಪರೀಕ್ಷೆಯಲ್ಲಿ ಎರಡು ಸ್ಟೇಷನ್ ಫೇಲ್. ಮನೇಲಿ ಹೇಳಿಲ್ಲ. ಅಮ್ಮ ಫೋನ್ ಮಾಡಿದಾಗೆಲ್ಲ ಡ್ಯೂಟೀಲಿದ್ದೀನಿ ಅಂತ ಕಟ್ ಮಾಡ್ತಾಳೆ. "ಅಕ್ಕ, ನಾನು ನರ್ಸ್ ಆಗೋಕೇ ಲಾಯಕ್ಕಿಲ್ಲ ಅನಿಸ್ತಿದೆ" ಅಂತ ಬರೆದಿದ್ದಾಳೆ.

ಇನ್ನೊಬ್ಬರು ನನಗಿಂತ ದೊಡ್ಡವರು. ನಾಲ್ಕು ವರ್ಷದ ಹಿಂದೆ ಒಂದು ರಾತ್ರಿ ಊಟ ಆದಮೇಲೆ ಅವರ ಯಜಮಾನರಿಗೆ ಎದೆ ಉರಿ, ಸ್ವಲ್ಪ ಬೆವರು. ಶುಗರ್ ಇತ್ತು. ಗ್ಯಾಸ್ಟ್ರಿಕ್ ಇರಬೇಕು ಅಂತ ಜೀರಿಗೆ ಕಷಾಯ ಮಾಡಿಕೊಟ್ಟು ಮಲಗಿಸಿದ್ದಾರೆ. ಬೆಳಗಿನ ಜಾವ ಎದ್ದು ನೋಡಿದರೆ ಇಲ್ಲ. ಆವತ್ತಿಂದ ಈಕೆ ಮನೆಯಲ್ಲಿ ಯಾವ ವಿಷಯಕ್ಕೂ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಮಗಳ ಮದುವೆ ಮಾತುಕತೆಗೂ "ನೀವೇ ನೋಡಿಕೊಳ್ಳಿ" ಅಂತ ಒಳಗೆ ಹೋಗಿಬಿಟ್ಟರಂತೆ. ಮೊಮ್ಮಗುವಿಗೆ ಮೈ ಬಿಸಿಯಾದರೆ ತಾವು ಮುಟ್ಟಿ ನೋಡಲ್ಲ, ಪಕ್ಕದ ಮನೆಯವರನ್ನ ಕರೀತಾರೆ. "ನನ್ನ ಬುದ್ಧಿ ಎಷ್ಟು ಅಂತ ಆವತ್ತೇ ಗೊತ್ತಾಯ್ತಲ್ಲಮ್ಮ" ಅನ್ನೋದು ಅವರ ಮಾತು.

ಪರೀಕ್ಷೆಗೂ ಸಾವಿಗೂ ಎಲ್ಲಿಯ ಹೋಲಿಕೆ ಅನ್ನಬಹುದು ನೀವು. ನಿಜ, ನೋವಿನಲ್ಲಿ ಹೋಲಿಕೆ ಇಲ್ಲ. ಆದರೆ ಇಬ್ಬರೂ ಮಾಡಿಕೊಂಡಿರೋ ಲೆಕ್ಕ ಒಂದೇ. ಒಂದು ದಿನದ ಒಂದು ಕೆಲಸ ಸರಿಹೋಗಲಿಲ್ಲ, ಅದಕ್ಕೆ ನಾನೇ ಪೂರ್ತಿ ಸರಿಯಿಲ್ಲ.

ನಮ್ಮಲ್ಲಿ ಈ ಲೆಕ್ಕವನ್ನ ಒಳ್ಳೆತನ ಅಂತ ಮೆಚ್ಚಿಕೊಳ್ಳೋ ಅಭ್ಯಾಸ ಬೇರೆ ಇದೆ. ತಪ್ಪಾಯ್ತು ಅಂತ ವರ್ಷಗಟ್ಟಲೆ ತಲೆ ತಗ್ಗಿಸಿಕೊಂಡು ಓಡಾಡೋರನ್ನ ಕಂಡರೆ "ಪಾಪ, ಎಷ್ಟು ನೊಂದುಕೊಂಡಿದಾಳೆ" ಅಂತೀವಿ. ಆರು ತಿಂಗಳಿಗೇ ನಕ್ಕು ಮಾತಾಡಿದರೆ "ಏನೂ ಆಗೇ ಇಲ್ಲ ಅನ್ನೋ ಹಾಗಿದಾಳೆ ನೋಡು" ಅಂತೀವಿ. ಅದರಲ್ಲೂ ಹೆಂಗಸರಾದರೆ ಕೇಳೋದೇ ಬೇಡ. ಇದು ಒಳ್ಳೆತನ ಅಲ್ಲ ಅಂತ ನಾನು ವಾದ ಮಾಡ್ತೀನಿ. ತನ್ನನ್ನ ತಾನು ಕ್ಷಮಿಸಿಕೊಳ್ಳದೆ ಇರೋದು ಅಪಾಯದ ಕೆಲಸ. ಅವರಿಗೂ ಅಪಾಯ, ಅವರನ್ನ ನಂಬಿಕೊಂಡಿರೋರಿಗೂ ಅಪಾಯ.

ಹಾಗಂತ ರೀಲ್ಸಿನಲ್ಲಿ ಸೂರ್ಯೋದಯ ತೋರಿಸಿ "ನಿಮ್ಮನ್ನು ನೀವು ಪ್ರೀತಿಸಿ" ಅನ್ನೋರ ಪಕ್ಷಾನೂ ನಾನಲ್ಲ. ಹೆಂಡತಿ ಒಡವೆ ಅಡ ಇಟ್ಟು ಕುಡಿದು ಕಳೆದವನು, ಒಡವೆ ಬಿಡಿಸಿಕೊಡೋ ಮೊದಲೇ "ನನ್ನನ್ನ ನಾನು ಕ್ಷಮಿಸಿಕೊಂಡಿದ್ದೀನಿ" ಅಂದರೆ ಪೊರಕೆ ಎಲ್ಲಿದೆ ಅಂತ ಹುಡುಕಬೇಕಾಗುತ್ತೆ.

ಮೊದಲು ಹುಡುಗಿ ವಿಷಯ. ಊರಲ್ಲಿರೋರಿಗೆ ಓಸ್ಕಿ ಅಂದರೆ ಏನು ಅಂತ ಹೇಳಿಬಿಡ್ತೀನಿ. ಹೊರದೇಶದಿಂದ ಬಂದ ನರ್ಸುಗಳು ಇಲ್ಲಿ ರಿಜಿಸ್ಟರ್ ಆಗಬೇಕಾದರೆ ಪಾಸಾಗಬೇಕಾದ ಪ್ರಾಕ್ಟಿಕಲ್ ಪರೀಕ್ಷೆ. ಒಟ್ಟು 10 ಸ್ಟೇಷನ್. ಒಂದರಲ್ಲಿ ರೋಗಿಯನ್ನ ಮಾತಾಡಿಸಿ ತಪಾಸಣೆ ಮಾಡಬೇಕು, ಒಂದರಲ್ಲಿ ಮುಂದಿನ ಆರೈಕೆ ಹೇಗೆ ಅಂತ ಬರೆಯಬೇಕು, ಒಂದರಲ್ಲಿ ಮಾತ್ರೆ ಕೊಡಬೇಕು, ಹೀಗೆ. ಗಡಿಯಾರ ಓಡ್ತಾ ಇರುತ್ತೆ, ಪರೀಕ್ಷಕರು ಮುಖದಲ್ಲಿ ಏನೂ ತೋರಿಸಲ್ಲ. ಊರಲ್ಲಿ ಐದಾರು ವರ್ಷ ಐಸಿಯುನಲ್ಲಿ ಕೆಲಸ ಮಾಡಿದೋರೂ ಇಲ್ಲಿ ಅಲರ್ಜಿ ಇದೆಯಾ ಅಂತ ಬಾಯಿಬಿಟ್ಟು ಕೇಳೋದು ಮರೆತು ಫೇಲಾಗ್ತಾರೆ. ಒಂದೆರಡು ಸ್ಟೇಷನ್ ಹೋದರೆ ಮತ್ತೆ ಮಾಡಬೇಕಾಗಿರೋದು ಆ ಸ್ಟೇಷನ್ನುಗಳನ್ನ ಮಾತ್ರ. ಪಾಸಾದ ಎಂಟನ್ನ ಯಾರೂ ಕಿತ್ತುಕೊಳ್ಳಲ್ಲ.

ಪರೀಕ್ಷೆ ಮಾಡೋರಿಗೆ ಇಷ್ಟು ವಿವೇಕ ಇದೆ. ನಮಗೆ ಇಲ್ಲ. ನಾವು ಮನಸ್ಸಿನಲ್ಲಿ ಹತ್ತಕ್ಕೆ ಹತ್ತೂ ಫೇಲ್ ಮಾಡಿಕೊಂಡು, ಅದರ ಮೇಲೆ ಬಿಎಸ್ಸಿ, ಪಿಯುಸಿ, ಅಪ್ಪ ಮಾಡಿದ ಸಾಲ, ಎಲ್ಲಾನೂ ಸೇರಿಸಿ ಫೇಲ್ ಮಾಡಿಕೊಳ್ತೀವಿ. ನಮ್ಮ ಎಸ್ಸೆಸ್ಸೆಲ್ಸಿ ಬೋರ್ಡೇ 2024ರಲ್ಲಿ ಒಂದೇ ವರ್ಷಕ್ಕೆ ಮೂರು ಪರೀಕ್ಷೆ ಇಟ್ಟಿತು, ಮಕ್ಕಳಿಗೆ ಇನ್ನೊಂದು ಅವಕಾಶ ಇರಲಿ ಅಂತ. ಬೋರ್ಡು ಮೂರು ಸಲ ಬಾಗಿಲು ತೆಗೆದರೂ ಮನೆಯವರು ಒಂದೇ ಸಲಕ್ಕೆ ಹಾಕಿಬಿಟ್ಟರೆ ಏನು ಬಂತು?

ಮನಶ್ಶಾಸ್ತ್ರದಲ್ಲಿ ಇದಕ್ಕೆ ಸರಳವಾದ ಒಂದು ಗೆರೆ ಇದೆ. ಅಮೆರಿಕದ ಹೆಲೆನ್ ಬ್ಲಾಕ್ ಲೂಯಿಸ್ ಅನ್ನೋರು 1971ರಲ್ಲೇ ಅದರ ಬಗ್ಗೆ ಪುಸ್ತಕ ಬರೆದಿದ್ದಾರೆ. "ನಾನು ತಪ್ಪು ಮಾಡಿದೆ" ಅನ್ನೋದು ಒಂದು ಭಾವನೆ, "ನಾನೇ ತಪ್ಪು" ಅನ್ನೋದು ಬೇರೆ. ಮೊದಲನೆಯದು ಮನುಷ್ಯನನ್ನ ಎಬ್ಬಿಸಿ ಸರಿಮಾಡೋಕೆ ಕಳಿಸುತ್ತೆ. ಎರಡನೆಯದು ಕೋಣೆ ಬಾಗಿಲು ಹಾಕಿಸುತ್ತೆ. ನಮ್ಮ ಭಾಷೆಯಲ್ಲೂ ಪಶ್ಚಾತ್ತಾಪ ಬೇರೆ, ಕೀಳರಿಮೆ ಬೇರೆ. ಪಶ್ಚಾತ್ತಾಪ ಅಂದರೆ ಆಮೇಲೆ ಬರೋ ತಾಪ. ತಾಪ ಅಂದಮೇಲೆ ನರ್ಸ್ ಆಗಿ ನಾನು ಹೇಳೋದು ಇಷ್ಟೇ: ಜ್ವರ ಬರೋದು ಮೈ ಕೆಲಸ ಮಾಡ್ತಿದೆ ಅನ್ನೋದಕ್ಕೆ ಗುರುತು. ಆದರೆ ನಾಲ್ಕು ವರ್ಷ ಇಳಿಯದ ಜ್ವರವನ್ನ ಯಾರೂ ಆರೋಗ್ಯ ಅನ್ನಲ್ಲ.

ಈಗ ಎರಡನೆಯ ಮೆಸೇಜ್. ಇದರಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಅಲ್ಲಿ ತಪ್ಪು ಅಂತ ಒಂದು ಇತ್ತಾ?

ಈ ಮಾತನ್ನ ವಾರ್ಡಿನಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಇಂಗ್ಲಿಷರು, ಪೋಲೆಂಡಿನವರು, ಪಂಜಾಬಿಗಳು, ನಮ್ಮವರು, ಭಾಷೆ ಯಾವುದಾದರೂ ಮಾತು ಅದೇ. ನಿನ್ನೆನೇ ಕರೆದುಕೊಂಡು ಬರಬೇಕಿತ್ತು, ಒಂದು ಗಂಟೆ ಮುಂಚೆ ಬಂದಿದ್ದರೆ. ಎಲ್ಲ ಗೊತ್ತಾದಮೇಲೆ ಹಿಂದಿನದು ಯಾವಾಗಲೂ ಸ್ಪಷ್ಟವಾಗೇ ಕಾಣೋದು. ಬರೂಕ್ ಫಿಶಾಫ್ ಅನ್ನೋ ವಿಜ್ಞಾನಿ 1975ರಲ್ಲಿ ಇದನ್ನ ಪ್ರಯೋಗ ಮಾಡಿ ತೋರಿಸಿದ್ದಾರೆ: ಏನಾಯ್ತು ಅಂತ ಫಲಿತಾಂಶ ಮೊದಲೇ ಹೇಳಿಬಿಟ್ಟರೆ ಜನಕ್ಕೆ ಅದು ಆಗೋದೇ ಇತ್ತು, ಮುಂಚೆನೇ ಊಹಿಸಬಹುದಿತ್ತು ಅನಿಸುತ್ತೆ. ನಮ್ಮ ಅಜ್ಜಿಯರು ಪ್ರಯೋಗ ಇಲ್ಲದೇನೇ "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಅಂದಿದ್ದಾರೆ. ಆದರೆ ಆ ಗಾದೆಯನ್ನ ನಾವು ಬೈಯೋಕೆ ಮಾತ್ರ ಬಳಸ್ತೀವಿ. ಅಡುಗೆ ಮಾಡುವಾಗ ಒಲೆ ಉರಿದೇ ಇರಲಿಲ್ಲ ಅನ್ನೋದನ್ನ ಯಾಕೆ ಮರೀತೀವಿ?

ಆವತ್ತು ರಾತ್ರಿ ಆಕೆಗೆ ಗೊತ್ತಿದ್ದಿದ್ದು ಎದೆ ಉರಿ, ಬೆವರು, ಊಟ ಜಾಸ್ತಿಯಾಯ್ತು ಅನ್ನೋದು. ಹಿಂದೆ ಹತ್ತು ಸಲ ಇದೇ ಆಗಿ ಹತ್ತು ಸಲವೂ ಜೀರಿಗೆ ಕಷಾಯಕ್ಕೆ ಇಳಿದಿತ್ತು. ಶುಗರ್ ಇರೋರಲ್ಲಿ ನರಗಳು ಸೋತಿರೋದರಿಂದ ಹೃದಯಾಘಾತ ಆದರೂ ಜೋರು ನೋವು ಬರದೇ ಇರಬಹುದು, ಬರೀ ಉರಿ, ಬೆವರು, ಸುಸ್ತು ಇರಬಹುದು. ಇದು ನನಗೆ ಗೊತ್ತಿರೋದು ನಾನು ನಾಲ್ಕು ವರ್ಷ ಓದಿದ್ದಕ್ಕೆ. ಆಸ್ಪತ್ರೆಗೆ ಬಂದವರಲ್ಲೂ ಮೊದಲನೇ ಇಸಿಜಿ ಸರಿಯಾಗೇ ಬಂದು, ಮತ್ತೆ ತೆಗೆದಾಗ ಗೊತ್ತಾಗೋದು ಉಂಟು. ಆಕೆ ಮಾಡಿದ್ದು ಆರೈಕೆ. ಆರೈಕೆಯ ಫಲ ಕೆಟ್ಟದಾಯ್ತು. ಅದು ದುಃಖ. ದುಃಖಕ್ಕೂ ಅಪರಾಧಕ್ಕೂ ಒಂದೇ ಹೆಸರಿಟ್ಟುಕೊಂಡರೆ ದುಃಖಪಡೋಕೂ ಜಾಗ ಸಿಗಲ್ಲ.

ಸರಿ, ಇದೆಲ್ಲ ತಪ್ಪೇ ಅಲ್ಲದ ವಿಷಯ ಆಯ್ತು. ನಿಜವಾಗಲೂ ತಪ್ಪು ಮಾಡಿದ್ದರೆ?

ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ವಾರ್ಡಿನಲ್ಲಿ ಒಬ್ಬ ಸಹೋದ್ಯೋಗಿ ಒಬ್ಬರ ಮಾತ್ರೆಯನ್ನ ಪಕ್ಕದ ಬೆಡ್ಡಿನವರಿಗೆ ಕೊಟ್ಟುಬಿಟ್ಟಳು. ರೋಗಿಗೆ ಏನೂ ಆಗಲಿಲ್ಲ, ರಾತ್ರಿಯೆಲ್ಲ ಬಿಪಿ ನೋಡಿದ್ದಾಯ್ತು ಅಷ್ಟೇ. ಆಗಿದ್ದು ಇವಳಿಗೆ. ಆಮೇಲೆ ಒಂದೊಂದು ಮಾತ್ರೆಯನ್ನೂ ನಾಲ್ಕು ಸಲ ಎಣಿಸೋಳು. ನೋಡೋಕೆ ಜಾಗ್ರತೆ ಅನಿಸುತ್ತೆ. ಆದರೆ ಅವಳು ಎಣಿಸ್ತಾ ನಿಂತಿದ್ದಾಗ ಮೂರನೇ ಬೆಡ್ಡಿನ ಗಂಟೆ ಹೊಡೀತಾನೇ ಇತ್ತು. ಏನಾದರೂ ಅನುಮಾನ ಬಂದರೆ ಕೇಳೋದನ್ನೂ ನಿಲ್ಲಿಸಿದ್ದಳು, ಕೇಳಿದರೆ ದಡ್ಡಿ ಅಂತಾರೆ ಅಂತ. ತನ್ನ ಮೇಲೆ ನಂಬಿಕೆ ಕಳೆದುಕೊಂಡ ನರ್ಸಿಗಿಂತ ಒಂದು ಸಲ ತಪ್ಪು ಮಾಡಿ ಕಲಿತ ನರ್ಸ್ ಕೈಯಲ್ಲಿ ನಮ್ಮಪ್ಪ ಅಮ್ಮನನ್ನ ನಾನು ಧೈರ್ಯವಾಗಿ ಬಿಡ್ತೀನಿ.

ಡಾಕ್ಟರ್ ಆಲ್ಬರ್ಟ್ ವೂ 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಥವರನ್ನ 'ಎರಡನೇ ಬಲಿಪಶು' ಅಂತ ಕರೆದರು. ಇಸಿಜಿಯಲ್ಲಿ ಒಂದು ಗುರುತು ಕಾಣದೆ ಹೋದ ಕಿರಿಯ ವೈದ್ಯನನ್ನ ಜೊತೆಯವರೇ ಮನಸ್ಸಿನಲ್ಲಿ ವಿಚಾರಣೆ ಮಾಡಿ ಶಿಕ್ಷೆ ಕೊಟ್ಟುಬಿಟ್ಟ ಕಥೆ ಅದು. ಹೆಸರು ಬಹಳ ಓಡಿತು. ಆದರೆ 2019ರಲ್ಲಿ ಅದೇ ಪತ್ರಿಕೆಯಲ್ಲಿ, ಆಸ್ಪತ್ರೆಯ ತಪ್ಪಿಂದ ಮನೆಯವರನ್ನ ಕಳೆದುಕೊಂಡವರು ಈ ಹೆಸರು ಬೇಡ ಅಂತ ಬರೆದರು. ತಪ್ಪು ಮಾಡಿದೋರು ಬಲಿಪಶು ಅಂದರೆ ಹೊಣೆ ಯಾರದು ಅನ್ನೋದು ಅವರ ಪ್ರಶ್ನೆ. ನನಗೆ ಅವರ ಮಾತು ಸರಿ ಅನಿಸುತ್ತೆ. ಕ್ಷಮಿಸಿಕೊಳ್ಳೋದು ಅಂದರೆ ನಾನೂ ಪಾಪ ಅಂತ ಸಾಲಿನಲ್ಲಿ ನಿಂತುಕೊಳ್ಳೋದಲ್ಲ.

ಇಲ್ಲಿನ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಅದರ ಕ್ರಮ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಿಗೆ 2014ರಿಂದ ಕಾನೂನೇ ಇದೆ: ರೋಗಿಗೆ ಗಂಭೀರ ಹಾನಿಯಾದರೆ ಮುಚ್ಚಿಡದೆ ಹೇಳಬೇಕು, ಕ್ಷಮೆ ಕೇಳಬೇಕು. ಅದಕ್ಕೂ ಮುಂಚೆ, 2006ರ ಒಂದು ಕಾಯ್ದೆಯಲ್ಲಿ, ಕ್ಷಮೆ ಕೇಳಿದ ಮಾತ್ರಕ್ಕೆ ನಿರ್ಲಕ್ಷ್ಯ ಒಪ್ಪಿಕೊಂಡ ಹಾಗಲ್ಲ ಅಂತಾನೂ ಬರೆದಿದ್ದಾರೆ. ಅಂದರೆ "ತಪ್ಪಾಯ್ತು" ಅನ್ನೋ ಬಾಯಿಗೆ ಕಾನೂನು ಬೀಗ ಹಾಕಲ್ಲ. ಇಲ್ಲೂ ಎಲ್ಲ ಹೀಗೇ ನಡೆಯುತ್ತೆ ಅಂತ ಹೇಳಲ್ಲ, ಮುಚ್ಚಿಡೋರು ಇಲ್ಲೂ ಇದ್ದಾರೆ.

ಬಾಯಿಗೆ ಬೀಗ ಹೇಗೆ ಬೀಳುತ್ತೆ ಅನ್ನೋದಕ್ಕೆ ಅಮೆರಿಕದ ಒಂದು ಕೇಸ್ ಇದೆ. 2017ರ ಡಿಸೆಂಬರಿನಲ್ಲಿ ರಾಡೊಂಡಾ ವಾಟ್ ಅನ್ನೋ ನರ್ಸ್ ವರ್ಸೆಡ್ ಅನ್ನೋ ಔಷಧಿ ಬದಲು ವೆಕ್ಯುರೋನಿಯಂ ಕೊಟ್ಟು ರೋಗಿ ತೀರಿಕೊಂಡರು. ಆಕೆ ನೋಡದೆ ದಾಟಿದ ಎಚ್ಚರಿಕೆಗಳು ಒಂದೆರಡಲ್ಲ, ಸಣ್ಣ ತಪ್ಪು ಅಂತ ನಾನು ಹೇಳಲ್ಲ. ಆದರೆ ತಪ್ಪನ್ನ ತಾನೇ ಒಪ್ಪಿಕೊಂಡಿದ್ದ ಆಕೆಯನ್ನ 2022ರಲ್ಲಿ ಕ್ರಿಮಿನಲ್ ಅಪರಾಧಿ ಅಂತ ತೀರ್ಮಾನಿಸಿ ಮೂರು ವರ್ಷ ಪ್ರೊಬೇಷನ್ ಕೊಟ್ಟಾಗ, ಇಲ್ಲಿ ನಮ್ಮ ಸ್ಟಾಫ್ ರೂಮಿನಲ್ಲೂ ಮೊದಲು ಕೇಳಿಬಂದ ಮಾತು "ಹಾಗಾದರೆ ಬಾಯಿ ಮುಚ್ಚಿಕೊಂಡಿರೋದೇ ವಾಸಿ" ಅಂತ. ಮನೆಯಲ್ಲೂ ಇದೇ ಅಲ್ವಾ? ಹಾಲು ಚೆಲ್ಲಿದ್ದಕ್ಕೆ ಚರ್ಮ ಸುಲಿಯೋ ಮನೆಯಲ್ಲಿ ಬೆಳೆದ ಮಗು ದೊಡ್ಡದಾದಮೇಲೆ ಸಾಲ ಮಾಡಿಕೊಂಡಿದ್ದನ್ನ ಹೇಳುತ್ತಾ?

ಇಲ್ಲಿ ನಾವು ಪ್ರತಿ ಮೂರು ವರ್ಷಕ್ಕೆ ರಿಜಿಸ್ಟ್ರೇಷನ್ ನವೀಕರಣಕ್ಕೆ ಐದು ಬರಹ ಬರೀಬೇಕು, ಇನ್ನೊಬ್ಬ ನರ್ಸ್ ಜೊತೆ ಕೂತು ಅದರ ಬಗ್ಗೆ ಮಾತಾಡಬೇಕು. ಫಾರಂನಲ್ಲಿ ನಾಲ್ಕು ಪ್ರಶ್ನೆ: ಏನು ನಡೀತು, ಏನು ಕಲಿತೆ, ಕೆಲಸದಲ್ಲಿ ಏನು ಬದಲಾಯಿಸಿಕೊಂಡೆ, ನಿಯಮಾವಳಿಗೆ ಇದರ ಸಂಬಂಧ ಏನು. "ನೀನು ಎಂಥವಳು" ಅನ್ನೋ ಕಾಲಂ ಇಲ್ಲ. ಮೊದಮೊದಲು ಇದು ಬರೀ ಕಾಗದದ ಕೆಲಸ ಅಂತ ಗೊಣಗ್ತಿದ್ದೆ. ಈಗ ಹಾಗನಿಸಲ್ಲ. ಮಾತ್ರೆ ಎಣಿಸ್ತಿದ್ದ ಆ ಹುಡುಗಿ ಸರಿಹೋಗಿದ್ದು "ಮರೆತುಬಿಡು" ಅಂದಿದ್ದಕ್ಕಲ್ಲ. ಆ ರೋಗಿ ಹತ್ತಿರ ಹೋಗಿ ಸಾರಿ ಕೇಳಿದಳು, ನಡೆದಿದ್ದನ್ನ ಪೂರ್ತಿ ಬರೆದಳು, ಮಾತ್ರೆ ಕೊಡುವಾಗ ಯಾರೂ ಅವಳನ್ನ ಮಾತಾಡಿಸಬಾರದು ಅಂತ ವಾರ್ಡಿನಲ್ಲಿ ಏರ್ಪಾಟು ಮಾಡಿಸಿದಳು. ಆಮೇಲೆ ಎಣಿಸೋದು ತಾನಾಗೇ ಕಮ್ಮಿಯಾಯ್ತು. ಆತ್ಮವಿಶ್ವಾಸ ಅಂತ ಅವಳಿಗೆ ಬಂದಿದ್ದು ಕನ್ನಡಿ ಮುಂದೆ ನಿಂತು ಹೇಳಿಕೊಂಡ ಮಾತಿಂದಲ್ಲ.

ಮೆತ್ತಗಾದರೆ ಸೋಮಾರಿಯಾಗ್ತಾರೆ ಅನ್ನೋ ಅಪ್ಪಂದಿರಿಗೆ ಒಂದು ಮಾತು. 2012ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಬ್ರೈನ್ಸ್ ಮತ್ತು ಚೆನ್ ಅನ್ನೋ ಇಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ಕಷ್ಟದ ಟೆಸ್ಟಿನಲ್ಲಿ ಸೋತ ವಿದ್ಯಾರ್ಥಿಗಳಲ್ಲಿ, ನಿನ್ನ ಮೇಲೆ ನೀನೇ ಕಠಿಣವಾಗಬೇಡ ಅಂತ ಹೇಳಿಸಿಕೊಂಡವರು ಎರಡನೇ ಟೆಸ್ಟಿಗೆ ಉಳಿದವರಿಗಿಂತ ಹೆಚ್ಚು ಹೊತ್ತು ಓದಿದರು. ಬೈಸಿಕೊಂಡವನು ಓದೋದು ಬೈಗುಳದ ಭಯ ಇರೋವರೆಗೆ ಮಾತ್ರ, ಇದು ನನ್ನ ಅನುಭವದ ಮಾತು.

ಹುಡುಗಿಗೆ ಬರೆದಿದ್ದೀನಿ: ಇವತ್ತು ಸಾಯಂಕಾಲ ಅಮ್ಮನಿಗೆ ಹೇಳು, ಭಾನುವಾರ ನನ್ನ ಜೊತೆ ವಿಡಿಯೋ ಕಾಲ್ ಹಾಕು, ಆ ಎರಡು ಸ್ಟೇಷನ್ ಮಾತ್ರ ಮಾಡೋಣ, ಗಡಿಯಾರ ಇಟ್ಟುಕೊಂಡು. ಅವರಮ್ಮ ಈ ಪೋಸ್ಟ್ ಓದೋರೇ, ಅವಳು ಹೇಳಿದಮೇಲೆ ಹಾಕ್ತಿದ್ದೀನಿ.

ಆ ಹಿರಿಯರಿಗೆ ಫೋನ್ ಮಾಡಿದ್ದೆ. ಬಹಳ ಹೊತ್ತು ಅತ್ತರು. ಸಮಾಧಾನ ಹೇಳೋಕೆ ಹೋಗಲಿಲ್ಲ. ಕೊನೆಗೆ ಒಂದು ಕೆಲಸ ಕೇಳಿದೆ. ಈಗ ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆ ಇದೆ. ಎದೆನೋವು ಅಂತ ಹೋದರೆ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸ್ತಾರೆ, ಬೇಕಾದರೆ ರಕ್ತ ಕರಗಿಸೋ ಇಂಜೆಕ್ಷನ್ ಅಲ್ಲೇ ಕೊಡ್ತಾರೆ. ಅವರ ಸ್ತ್ರೀಶಕ್ತಿ ಸಂಘದಲ್ಲಿ ಶುಗರ್ ಇರೋರ ಮನೆಯವರೇ ಆರೇಳು ಜನ ಇದ್ದಾರೆ. ಎದೆ ಉರಿ ಜೊತೆ ಬೆವರು ಬಂದರೆ ಕಷಾಯಕ್ಕೆ ಮುಂಚೆ 108ಕ್ಕೆ ಫೋನ್ ಮಾಡಿ ಅಂತ ಅವರಿಗೆ ನೀವೇ ಹೇಳಬೇಕು, ನಾನು ಇಲ್ಲಿಂದ ಹೇಳಿದರೆ ಯಾರು ಕೇಳ್ತಾರೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಸಂಘ ಸೇರೋದು ಗುರುವಾರ, ಏನೇನು ಹೇಳಬೇಕು ಬರೆದು ಕಳಿಸು" ಅಂದರು.

ಬರೆದು ಕಳಿಸಿದ್ದೀನಿ. ನಿಮಗೂ ಬೇಕಾದರೆ ಹೇಳಿ, ಅದೇ ಪಟ್ಟಿ ಮುಂದಿನ ವಾರ ಇಲ್ಲೇ ಹಾಕ್ತೀನಿ.