ನಮ್ಮ ಮನೆಯ ಟಿವಿಗೆ ಗಾಂಧಿನಗರದ ಅಪ್ಪಣೆ ಬೇಕೇ?

ಹೊರಗಿನ ಯಾವ ಕಥೆ ಕನ್ನಡದಲ್ಲಿ ಮಾತಾಡಬಹುದು, ಯಾವುದು ಮಾತಾಡಕೂಡದು ಎಂದು ತೀರ್ಮಾನಿಸುವ ಅಧಿಕಾರವನ್ನು ಬೆಂಗಳೂರಿನ ಗಾಂಧಿನಗರದ ಕೆಲವು ಚಿತ್ರರಂಗದ ಸಂಘಗಳು ದಶಕಗಟ್ಟಲೆ ತಮ್ಮ ಕೈಯಲ್ಲಿಟ್ಟುಕೊಂಡಿದ್ದವು. ಆ ಅಧಿಕಾರವನ್ನು ಅವುಗಳಿಗೆ ಯಾವ ಶಾಸನಸಭೆಯೂ ಕೊಟ್ಟಿರಲಿಲ್ಲ. ಡಬ್ಬಿಂಗ್ ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಒಂದು ದಿನವೂ ಇರಲಿಲ್ಲ. ಇದ್ದದ್ದು ಒಂದು ಕಟ್ಟು, ಅದನ್ನು ಮೀರಿದವರಿಗೆ ಬಹಿಷ್ಕಾರದ ಭಯ. ಆ ಕಟ್ಟು ಈಗ ಸಡಿಲವಾಗಿದೆ, ಆದರೆ ಅದನ್ನು ಮತ್ತೆ ಬಿಗಿಯಬೇಕೆನ್ನುವವರು ಇನ್ನೂ ಇದ್ದಾರೆ. ಅವರ ಮಾತು ತಪ್ಪು ಎಂದು ಹೇಳಲು ಈ ಲೇಖನ. ಕನ್ನಡದ ಮೇಲಿನ ಪ್ರೀತಿಯಲ್ಲಿ ಅವರೇನೂ ಕಡಿಮೆಯವರಲ್ಲ ಎಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ.

ಮೈಸೂರಿನಿಂದ ಹುಣಸೂರು ರಸ್ತೆ ಹಿಡಿದು ಬಂದರೆ ನಮ್ಮ ಇಲವಾಲ. ಇದೇ ರಸ್ತೆಯಲ್ಲಿ, ಮೈಸೂರು ನಗರದೊಳಗೆ, ಒಂದು ಕಾಲಕ್ಕೆ ಪ್ರೀಮಿಯರ್ ಸ್ಟುಡಿಯೋ ಇತ್ತು. 1989ರ ಫೆಬ್ರವರಿ 8ರಂದು 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಅಲ್ಲಿ ಬೆಂಕಿ ಬಿತ್ತು. 62 ಜನ ಸತ್ತರು. ಮೈಸೂರಿನ ಹಿರಿಯರು ಆ ದಿನವನ್ನು ಇನ್ನೂ ಮರೆತಿಲ್ಲ. ಶ್ರೀರಂಗಪಟ್ಟಣದಲ್ಲಿ ಆಳಿದವನ ಕಥೆ, ಮೈಸೂರಿನ ಸೆಟ್ಟು, ಇಲ್ಲೇ ಹೋದ ಜೀವಗಳು. ಮರುವರ್ಷ ದೂರದರ್ಶನದಲ್ಲಿ ಅದು ಬಂದಾಗ ಮಾತಾಡಿದ್ದು ಹಿಂದಿ.

ಇನ್ನೊಂದನ್ನು ನೋಡಿ. ಆರ್. ಕೆ. ನಾರಾಯಣ್ ಮೈಸೂರಿನವರು, ಯಾದವಗಿರಿಯ ಅವರ ಮನೆ ಈಗ ಸ್ಮಾರಕ. ಅವರ 'ಮಾಲ್ಗುಡಿ ಡೇಸ್' ಅನ್ನು ನಿರ್ದೇಶಿಸಿದವರು ಶಂಕರ್ ನಾಗ್. ಚಿತ್ರೀಕರಣ ಆಗುಂಬೆಯಲ್ಲಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಬೇರೆ ಕಂತುಗಳಲ್ಲಿ ಅನಂತ್ ನಾಗ್. ತುಟಿ, ಕಣ್ಣು, ಅಂಗಳ, ಮಳೆ ಎಲ್ಲವೂ ಕನ್ನಡದ್ದೇ. ದೂರದರ್ಶನದ ರಾಷ್ಟ್ರೀಯ ಜಾಲಕ್ಕೆ ಮಾಡಿದ್ದರಿಂದ 1987ರಲ್ಲಿ ಅದು ಹಿಂದಿಯಲ್ಲಿ ಬಂತು. ಸರಿ. ಆದರೆ ಆ ಸ್ವಾಮಿ ಜೀ ಕನ್ನಡದಲ್ಲಿ ಕನ್ನಡ ಮಾತಾಡಿದ್ದು 2020ರಲ್ಲಿ, ಲಾಕ್‌ಡೌನ್‌ನಿಂದ ಚಿತ್ರೀಕರಣ ನಿಂತು ವಾಹಿನಿಗಳ ಬಳಿ ತೋರಿಸಲು ಹೊಸ ಕಂತುಗಳೇ ಇಲ್ಲದಾಗ. ನಡುವೆ 33 ವರ್ಷ. ಒಂದು ತಲೆಮಾರಿನ ಮಕ್ಕಳು ಬೆಳೆದು ತಮ್ಮ ಮಕ್ಕಳನ್ನು ಶಾಲೆಗೆ ಸೇರಿಸುವಷ್ಟು ಕಾಲ. ಈ ವಿಳಂಬದಿಂದ ಕನ್ನಡಕ್ಕೆ ಏನು ಲಾಭವಾಯಿತು ಎಂದು ಯಾರಾದರೂ ನನಗೆ ಹೇಳಬೇಕು.

ಡಬ್ಬಿಂಗ್ ವಿರೋಧ ಹುಟ್ಟಿದ್ದಕ್ಕೆ ಕಾರಣವಿತ್ತು, ಮತ್ತು ಆ ಕಾರಣ ನ್ಯಾಯವಾದದ್ದೇ. 1960ರ ದಶಕದಲ್ಲಿ ಕನ್ನಡ ಚಿತ್ರಗಳು ತಯಾರಾಗುತ್ತಿದ್ದದ್ದು ಬಹುಪಾಲು ಮದ್ರಾಸಿನಲ್ಲಿ. ಬೆಂಗಳೂರಿನ ಚಿತ್ರಮಂದಿರಗಳಲ್ಲೇ ಕನ್ನಡ ಚಿತ್ರಕ್ಕೆ ಜಾಗ ಸಿಗುವುದು ಕಷ್ಟವಿತ್ತು. ತೆಲುಗು, ತಮಿಳಿನಿಂದ ಅಗ್ಗವಾಗಿ ಡಬ್ ಆಗಿ ಬರುತ್ತಿದ್ದ ಚಿತ್ರಗಳು ಇನ್ನೂ ಕಾಲೂರದ ಒಂದು ಉದ್ಯಮದ ಅನ್ನ ಕಸಿಯುತ್ತಿದ್ದವು. ಅ.ನ.ಕೃ., ಮ. ರಾಮಮೂರ್ತಿಯವರಂಥವರು ಬೀದಿಗಿಳಿದದ್ದು ಆಗ. ಅವರು ಹಾಗೆ ಮಾಡದಿದ್ದರೆ ಇಂದು ವಾದ ಮಾಡಲು ಕನ್ನಡ ಚಿತ್ರರಂಗವೆಂಬುದೇ ಇರುತ್ತಿತ್ತೋ ಇಲ್ಲವೋ. ಆದರೆ ಸಸಿಗೆ ಕಟ್ಟಿದ ಬೇಲಿಯನ್ನು ಮರವಾದ ಮೇಲೂ ಬಿಚ್ಚದೆ ಬಿಗಿದರೆ ತಂತಿ ತೊಗಟೆಯನ್ನು ಕೊರೆಯುತ್ತದೆ. 1994ರಲ್ಲಿ ಉದಯ ಟಿವಿ ಬಂತು, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, ಮರುವರ್ಷ ಸುವರ್ಣ. ಪ್ರತಿ ಸಂಜೆ ಲಕ್ಷಾಂತರ ಮನೆಗಳು ಕನ್ನಡ ಧಾರಾವಾಹಿಯ ಮುಂದೆ ಕೂರುವಂತಾದ ಮೇಲೂ 1960ರ ಭಯವನ್ನೇ ಮುಂದಿಟ್ಟು ಬಾಗಿಲು ಹಾಕಿಕೊಂಡು ಕೂತೆವು.

2012ರ ಮೇ ತಿಂಗಳಲ್ಲಿ ಆಮಿರ್ ಖಾನ್ ಅವರ 'ಸತ್ಯಮೇವ ಜಯತೆ' ಶುರುವಾಯಿತು. ಹೆಣ್ಣು ಭ್ರೂಣಹತ್ಯೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ವರದಕ್ಷಿಣೆ: ನಮ್ಮ ಹಳ್ಳಿಗಳ ಜಗಲಿಯಲ್ಲಿ ಚರ್ಚೆಯಾಗಬೇಕಾದ ವಿಷಯಗಳು. ತಮಿಳು, ತೆಲುಗು, ಮಲಯಾಳಂ, ಮರಾಠಿ, ಬಂಗಾಳಿಗಳಲ್ಲಿ ಅದು ಬಂತು. ಸುವರ್ಣ ವಾಹಿನಿಯಲ್ಲಿ ಬರಬೇಕಿದ್ದ ಕನ್ನಡ ರೂಪ ಮಾತ್ರ ವಿರೋಧದಿಂದಾಗಿ ನಿಂತಿತು. ಹಿಂದಿ ಬಲ್ಲ ಕನ್ನಡಿಗರಿಗೆ ಏನೂ ನಷ್ಟವಾಗಲಿಲ್ಲ, ಅವರು ಹಿಂದಿಯಲ್ಲಿ ನೋಡಿದರು. ನಷ್ಟವಾದದ್ದು ಕನ್ನಡವೊಂದನ್ನೇ ಬಲ್ಲವರಿಗೆ. ಇಲವಾಲ ಹೋಬಳಿಯಲ್ಲಿ ಅಂಥ ಮನೆಗಳೇ ಹೆಚ್ಚು. ಕನ್ನಡವನ್ನೇ ನಂಬಿ ಬದುಕಿದವರಿಗೆ ಕನ್ನಡದ ಹೆಸರಿನಲ್ಲೇ ಶಿಕ್ಷೆ ಕೊಟ್ಟ ಹಾಗಾಯಿತು.

ಹಿಂದಿ ಹೇರಿಕೆಯ ವಿರುದ್ಧ ದನಿಯೆತ್ತುವವರಲ್ಲಿ ನಾನೂ ಒಬ್ಬ. ಬ್ಯಾಂಕಿನ ಚಲನ್, ರೈಲಿನ ಫಲಕ, ಮೈಲಿಗಲ್ಲು, ಎಲ್ಲ ಕಡೆಯೂ ಕನ್ನಡ ಬೇಕೆಂದು ಕೇಳುತ್ತೇವೆ. ಹಾಗಿದ್ದ ಮೇಲೆ ಟಿವಿಯಲ್ಲಿ ಮಾತ್ರ ಕೃಷ್ಣ, ಅರ್ಜುನ, ಝಾನ್ಸಿರಾಣಿಯರು ಹಿಂದಿಯಲ್ಲೇ ಮಾತಾಡಲಿ ಎನ್ನುವುದು ಯಾವ ನ್ಯಾಯ? ನಮ್ಮ ಮಕ್ಕಳಿಗೆ ಶಾಲೆಗಿಂತ ಮೊದಲು ಹಿಂದಿ ಕಲಿಸಿದ್ದು ಕಾರ್ಟೂನ್ ಚಾನೆಲ್‌ಗಳು. ಸನ್ ಬಳಗ 2009ರಲ್ಲಿ ಚಿಂಟು ಟಿವಿ ತಂದಾಗ ಕಾರ್ಟೂನಿನ ಪಾತ್ರಗಳು ಕನ್ನಡದಲ್ಲಿ ಮಾತಾಡಿದವು. ಆಕಾಶವೇನೂ ಕಳಚಿ ಬೀಳಲಿಲ್ಲ.

2014ರ ಜನವರಿ 27ರಂದು ಚಿತ್ರರಂಗ ಕೆಲಸ ನಿಲ್ಲಿಸಿ ಡಬ್ಬಿಂಗ್ ವಿರುದ್ಧ ಮೆರವಣಿಗೆ ಹೊರಟಿತು. ಮರುವರ್ಷ ಜುಲೈನಲ್ಲಿ, ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ, ಭಾರತೀಯ ಸ್ಪರ್ಧಾ ಆಯೋಗವು ಈ ನಿರ್ಬಂಧ ಸ್ಪರ್ಧಾ ಕಾಯ್ದೆಗೆ ವಿರುದ್ಧವೆಂದು ಹೇಳಿ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಚಿತ್ರ ಮತ್ತು ಕಿರುತೆರೆಯ ಸಂಘಗಳಿಗೆ ದಂಡ ವಿಧಿಸಿತು. ದೂರು ಕೊಟ್ಟವರು ಹಿಂದಿಯವರಲ್ಲ, ಮುಂಬಯಿಯ ಕಂಪನಿಯೂ ಅಲ್ಲ, ಕನ್ನಡದಲ್ಲೇ ಎಲ್ಲವೂ ಸಿಗಬೇಕೆಂದು ಹಟ ಹಿಡಿದ ಕನ್ನಡಿಗರು. ಬಂಗಾಳದಲ್ಲೂ ಇದೇ ಜಗಳ ನಡೆದಿತ್ತು. ಅಲ್ಲಿ ಎರಡು ವಾಹಿನಿಗಳು ಹಿಂದಿಯ ಮಹಾಭಾರತವನ್ನು ಬಂಗಾಳಿಗೆ ಡಬ್ ಮಾಡಿ ತೋರಿಸಹೊರಟಾಗ ಕಲಾವಿದರ ಮತ್ತು ತಂತ್ರಜ್ಞರ ಸಮನ್ವಯ ಸಮಿತಿ ತಡೆದಿತ್ತು. 2017ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಆ ತಡೆ ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಅದೇ ತಿಂಗಳು ನಮ್ಮಲ್ಲಿ ಅಜಿತ್ ಅವರ ತಮಿಳು ಚಿತ್ರವೊಂದು 'ಸತ್ಯದೇವ್ ಐಪಿಎಸ್' ಎಂಬ ಹೆಸರಿನಲ್ಲಿ ಕನ್ನಡ ಮಾತಾಡುತ್ತ ತೆರೆಗೆ ಬಂದಾಗ ಚಿತ್ರಮಂದಿರಗಳ ಮುಂದೆ ಪ್ರತಿಭಟನೆ ನಡೆಯಿತು. ಆ ಚಿತ್ರ ಗೆಲ್ಲಲಿಲ್ಲ. ಪ್ರೇಕ್ಷಕರಿಗೆ ಬೇಡವಾದದ್ದನ್ನು ಪ್ರೇಕ್ಷಕರೇ ಬಿಡುತ್ತಾರೆ, ಅದಕ್ಕೆ ಬಾಗಿಲಲ್ಲಿ ಯಾರೂ ನಿಲ್ಲಬೇಕಾಗಿಲ್ಲ.

ಬೇಕಾದದ್ದನ್ನು ಹೇಗೆ ಹಿಡಿದುಕೊಳ್ಳುತ್ತಾರೆ ಎಂಬುದನ್ನು 2020 ತೋರಿಸಿತು. ಆ ಜುಲೈನಲ್ಲಿ ಜೀ ಕನ್ನಡದಲ್ಲಿ 'ಮಹಾನಾಯಕ' ಶುರುವಾಯಿತು. ಅಂಬೇಡ್ಕರರ ಬದುಕಿನ ಕಥೆ, ಹಿಂದಿಯಿಂದ ಡಬ್ ಆದದ್ದು. ಮೈಸೂರು, ಚಾಮರಾಜನಗರ, ಮಂಡ್ಯದಿಂದ ಹಿಡಿದು ಕಲಬುರಗಿಯವರೆಗೆ ಹಳ್ಳಿಗಳ ಯುವಕರು ತಮ್ಮದೇ ದುಡ್ಡು ಹಾಕಿ, ಧಾರಾವಾಹಿಗೆ ಶುಭ ಕೋರಿ ಫ್ಲೆಕ್ಸ್ ಕಟ್ಟಿದರು. ಒಂದು ಟಿವಿ ಕಾರ್ಯಕ್ರಮಕ್ಕೆ ಊರ ಬಾಗಿಲಲ್ಲಿ ಫ್ಲೆಕ್ಸ್! ಬಾಲಕ ಭೀಮರಾಯ ಶಾಲೆಯಲ್ಲಿ ನೀರು ಮುಟ್ಟಲಾಗದೆ ನಿಲ್ಲುವುದನ್ನು ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಕೂತು ತಮ್ಮ ಮಾತಿನಲ್ಲಿ ಕೇಳಿದರು. ಪ್ರಸಾರ ನಿಲ್ಲಿಸಿ ಎಂದು ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ಅವರಿಗೆ ಬೆದರಿಕೆ ಬಂದಾಗ ಈ ಹಳ್ಳಿಗಳೇ ಬೆನ್ನಿಗೆ ನಿಂತವು. ಬೆದರಿಸಿದವರು ಡಬ್ಬಿಂಗ್ ವಿರೋಧಿಗಳೆಂದು ನಾನು ಹೇಳುತ್ತಿಲ್ಲ, ಅವರ ಸಿಟ್ಟು ಬೇರೆಯದು. ನನ್ನ ಪ್ರಶ್ನೆ ಇಷ್ಟೇ: ಹಳೆಯ ಕಟ್ಟು ಹಾಗೇ ಉಳಿದಿದ್ದರೆ 'ಮಹಾನಾಯಕ' ಈ ಮನೆಗಳಿಗೆ ಬರುತ್ತಿತ್ತೇ? ಹಿಂದಿ ಬಲ್ಲವರ ಮನೆಯಲ್ಲಿ ಮಾತ್ರ ಬರುತ್ತಿತ್ತು.

ಕೆಲಸದ ಮಾತಿಗೆ ಬರೋಣ, ಏಕೆಂದರೆ ವಿರೋಧಿಗಳ ವಾದದಲ್ಲಿ ತೂಕವಿರುವುದು ಇಲ್ಲಿ. ಒಂದು ದೈನಿಕ ಧಾರಾವಾಹಿ ಎಂದರೆ ಲೈಟ್‌ಬಾಯ್, ಮೇಕಪ್, ಊಟ ಬಡಿಸುವವರು, ಜೂನಿಯರ್ ಕಲಾವಿದರು, ಸಂಭಾಷಣೆ ಬರೆಯುವವರು. ಹತ್ತಾರು ಕುಟುಂಬಗಳ ಅಡುಗೆಮನೆ ಅದರಿಂದ ನಡೆಯುತ್ತದೆ. ಡಬ್ಬಿಂಗ್‌ಗೆ ಒಂದು ಕೋಣೆ, ಕೆಲವು ದನಿಗಳು ಸಾಕು. ವಾಹಿನಿಯ ಲೆಕ್ಕಿಗನಿಗೆ ಅಗ್ಗದ್ದೇ ಇಷ್ಟವಾಗುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ಬಾಗಿಲು ತೆರೆದ ಮೇಲೆ ನಡೆದದ್ದೇನು? 2021ರ ಕೊನೆಯಲ್ಲಿ ಬಂದ 'ಪುಟ್ಟಕ್ಕನ ಮಕ್ಕಳು' ಟಿಆರ್‌ಪಿಯಲ್ಲಿ ಮೊದಲ ಸ್ಥಾನಕ್ಕೇರಿತು. ಉಮಾಶ್ರೀಯವರ ಮುಖ, ಮೆಸ್ ನಡೆಸುವ ತಾಯಿ, ಮಂಡ್ಯ ಸೀಮೆಯ ಮಾತು. ಯಾವ ಡಬ್ ಧಾರಾವಾಹಿಯೂ ಅದನ್ನು ಅಲುಗಾಡಿಸಲಿಲ್ಲ. ಅದರ ಮೂಲ ಕಥೆ ತೆಲುಗಿನ 'ರಾಧಮ್ಮ ಕೂತುರು' ಎಂಬುದನ್ನೂ ನೆನಪಿಸಬೇಕು. 'ಜೊತೆ ಜೊತೆಯಲಿ' ಮರಾಠಿಯಿಂದ ಬಂದದ್ದು. ಕಥೆ ಹೊರಗಿನಿಂದ ಬಂದರೆ ಸಂಸ್ಕೃತಿಗೆ ಧಕ್ಕೆಯಿಲ್ಲ, ಮುಖ ಹೊರಗಿನದಾದರೆ ಮಾತ್ರ ಧಕ್ಕೆ ಎನ್ನುವ ವಾದ ನನಗೆ ಅರ್ಥವಾಗಿಲ್ಲ. ಅದು ಉದ್ಯೋಗದ ವಾದವಾದರೆ ಉದ್ಯೋಗದ ವಾದವೆಂದೇ ಮಂಡಿಸಲಿ, ಗೌರವದಿಂದ ಕೇಳೋಣ. ಸಂಸ್ಕೃತಿಯ ಹೆಸರು ಬೇಡ. ಇನ್ನು ನಮ್ಮ 'ಕೆಜಿಎಫ್', 'ಕಾಂತಾರ' ಹಿಂದಿ, ತೆಲುಗು, ತಮಿಳು, ಮಲಯಾಳಂನಲ್ಲಿ ಮಾತಾಡಿ ಗೆದ್ದು ಬಂದಾಗ ನಾವೆಲ್ಲ ಎದೆಯುಬ್ಬಿಸಿದೆವು. ಆ ಭಾಷೆಗಳ ಕಲಾವಿದರು ಬಾಗಿಲಲ್ಲಿ ಅಡ್ಡ ಮಲಗಿದ್ದರೆ?

ಮೈಸೂರಿಗೆ ಈ ಪಾಠ ಹೊಸದಲ್ಲ. ಚಾಮರಾಜೇಂದ್ರ ಒಡೆಯರ ಆಸ್ಥಾನದಲ್ಲಿದ್ದ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡದ ರಂಗಕ್ಕೆ ತಂದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಸಿ. ಸುಬ್ಬರಾಯರು ತಿಳಿಸಿಕೊಟ್ಟ ಒಥೆಲೋ ಕಥೆಯನ್ನು 'ಶೂರಸೇನ ಚರಿತ್ರೆ'ಯಾಗಿ ಕನ್ನಡದಲ್ಲಿ ಆಡಿಸಿದರು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದರು. ಅವರ ಅನುವಾದಗಳಿಂದ ಕನ್ನಡ ಕಾದಂಬರಿ ಸಾಯಲಿಲ್ಲ, ಓದುವ ಜನ ಹುಟ್ಟಿದರು, ಆ ಓದುಗರನ್ನು ನಂಬಿ ಮುಂದೆ ಕನ್ನಡದ ಕಾದಂಬರಿಕಾರರು ಬರೆದರು. 1957ರ ಸೆಪ್ಟೆಂಬರ್‌ನಲ್ಲಿ ಗ್ರಾಮದಾನ ಸಮ್ಮೇಳನಕ್ಕೆಂದು ಇದೇ ಇಲವಾಲಕ್ಕೆ ಬಂದಿದ್ದ ವಿನೋಬಾ ಭಾವೆ, 1932ರಲ್ಲಿ ಧುಳೆ ಜೈಲಿನಲ್ಲಿ ಗೀತೆಯ ಬಗ್ಗೆ ಮಾತಾಡಿದ್ದು ಮರಾಠಿಯಲ್ಲಿ. ನಮ್ಮ ಮನೆಗಳು ಅದನ್ನು ಓದಿದ್ದು ಕನ್ನಡದಲ್ಲಿ. ಪುಸ್ತಕಕ್ಕೆ ಇರುವ ಈ ದಾರಿ ತೆರೆಗೆ ಏಕೆ ಇರಬಾರದು?

ದೂರದ ಒಂದು ಉದಾಹರಣೆ ನಮ್ಮ ವಾಹಿನಿಗಳಿಗೆ ಎಚ್ಚರಿಕೆಯಾಗಬೇಕು. 2009ರಲ್ಲಿ ರೂಪರ್ಟ್ ಮರ್ಡೋಕರ ನ್ಯೂಸ್ ಕಾರ್ಪ್ ಮತ್ತು ಅಫ್ಘಾನಿಸ್ತಾನದ ಮೋಬಿ ಗ್ರೂಪ್ ಸೇರಿ ದುಬೈಯಿಂದ ಫಾರ್ಸಿ1 ಎಂಬ ಪರ್ಷಿಯನ್ ಉಪಗ್ರಹ ವಾಹಿನಿ ತೆರೆದವು. ರಾಜಕೀಯವಿಲ್ಲ, ಸುದ್ದಿಯಿಲ್ಲ; ಕೊರಿಯಾ, ಲ್ಯಾಟಿನ್ ಅಮೆರಿಕ, ಅಮೆರಿಕದ ಧಾರಾವಾಹಿಗಳನ್ನು ಪರ್ಷಿಯನ್‌ಗೆ ಡಬ್ ಮಾಡಿ ಮನೆಮಂದಿಗೆ ತೋರಿಸುವುದಷ್ಟೇ. ಇರಾನಿನಲ್ಲಿ 1990ರ ದಶಕದಿಂದಲೇ ಡಿಶ್ ಇಡುವುದು ಕಾನೂನುಬಾಹಿರ. ಪೊಲೀಸರು ಮಾಳಿಗೆ ಹತ್ತಿ ಡಿಶ್ ಕಿತ್ತೊಯ್ಯುತ್ತಿದ್ದರು, ಸರ್ಕಾರ ತರಂಗಗಳನ್ನು ಕೆಡಿಸುತ್ತಿತ್ತು. ಆದರೂ ಜನ ನೋಡಿದರು. ತಮ್ಮ ಮಾತಿನಲ್ಲಿ ಬರುವ ಕಥೆಯನ್ನು ಜನರಿಂದ ದೂರವಿಡಲು ಒಂದು ಇಡೀ ಪ್ರಭುತ್ವದಿಂದಲೂ ಆಗಲಿಲ್ಲ. ಆದರೆ ವಾಹಿನಿಯ ಡಬ್ಬಿಂಗ್ ಕಳಪೆಯೆಂಬ ದೂರು ಮೊದಲಿನಿಂದಲೂ ಇತ್ತು. ಒಳ್ಳೆಯ ಕಂಠದಾನಕ್ಕೆ ದಶಕಗಳ ಪರಂಪರೆಯೇ ಇರುವ ದೇಶದ ಪ್ರೇಕ್ಷಕರಿಗೆ ಅನುಭವವಿಲ್ಲದ ದನಿಗಳು ರುಚಿಸಲಿಲ್ಲ. ಬೇರೆ ಪರ್ಷಿಯನ್ ವಾಹಿನಿಗಳು ಬಂದವು, 2016ರಲ್ಲಿ ಫಾರ್ಸಿ1 ಮುಚ್ಚಿತು.

ನಮ್ಮ ವಾಹಿನಿಗಳೂ ಆ ಕಳಪೆ ದಾರಿಯಲ್ಲೇ ಹೊರಟಿವೆ. ಇಂದಿನ ಬಹುತೇಕ ಡಬ್ ಧಾರಾವಾಹಿಗಳ ಕನ್ನಡ ಯಾರ ಮನೆಯಲ್ಲೂ ಆಡದ ಕನ್ನಡ. ಹಿಂದಿಯ ವಾಕ್ಯವನ್ನು ಪದಕ್ಕೆ ಪದ ಇಟ್ಟು, ತುಟಿಗೆ ಹೊಂದಿಸಲು ಎಳೆದು, ಯುಧಿಷ್ಠಿರನಿಂದ ಹಿಡಿದು ಗೋಪಿಕೆಯವರೆಗೆ ಎಲ್ಲರಿಗೂ ಒಂದೇ ಸ್ಟುಡಿಯೋ ದನಿ. ಮಹಾಭಾರತವನ್ನು ಕನ್ನಡಕ್ಕೆ ಒಗ್ಗಿಸಲು ಕುಮಾರವ್ಯಾಸನ ನಾಡಿನಲ್ಲಿ ಬರಹಗಾರರಿಗೆ ಬರವೇ? ಕೂಲಿ ಕಡಿಮೆ, ಗಡುವು ನಾಳೆ ಬೆಳಿಗ್ಗೆ, ಪರದೆಯ ಮೇಲೆ ಹೆಸರು ಮೂಡಿದರೂ ಓದುವ ಮೊದಲೇ ಮಾಯ. ಹೀಗಿದ್ದರೆ ಒಳ್ಳೆಯ ಬರಹಗಾರ ಏಕೆ ಬರುತ್ತಾನೆ? ಮೈಸೂರಿನ ರಂಗಾಯಣದಲ್ಲಿ, ಹೆಗ್ಗೋಡಿನ ನೀನಾಸಂನಲ್ಲಿ ಪಳಗಿದ ಎಷ್ಟೋ ದನಿಗಳು ಕೆಲಸ ಹುಡುಕುತ್ತಿವೆ. ಧಾರವಾಡದ ಮಾತು, ಕರಾವಳಿಯ ಮಾತು, ನಮ್ಮ ಮೈಸೂರು ಸೀಮೆಯ ಮಾತು, ಪಾತ್ರಕ್ಕೆ ತಕ್ಕಂತೆ ಎಲ್ಲವೂ ಡಬ್ಬಿಂಗ್‌ನಲ್ಲಿ ಬರಬಹುದು, ಬರಬೇಕು.

ಸಂಘಗಳು ಹೋರಾಡಬೇಕಾದದ್ದು ಇಲ್ಲಿ. ಡಬ್ ಸಂಭಾಷಣೆ ಬರೆಯುವವರಿಗೂ ಕಂಠದಾನ ಕಲಾವಿದರಿಗೂ ಕಂತಿಗೆ ಇಷ್ಟು ಎಂಬ ಕನಿಷ್ಠ ದರವನ್ನು ವಾಣಿಜ್ಯ ಮಂಡಳಿ ವಾಹಿನಿಗಳ ಜೊತೆ ಕೂತು ಬರೆಸಿಕೊಳ್ಳಲಿ. ಪ್ರತಿ ಕಂತಿನ ಆರಂಭದಲ್ಲಿ ಅವರ ಹೆಸರು ಓದಲು ಸಿಗುವಷ್ಟು ಹೊತ್ತು ನಿಲ್ಲಲಿ. ಸಂಜೆಯ ಮುಖ್ಯ ಅವಧಿಯಲ್ಲಿ ಇಲ್ಲೇ ತಯಾರಾದ ಧಾರಾವಾಹಿಗಳಿಗೆ ಇಂತಿಷ್ಟು ಪಾಲು ಎಂಬ ಒಪ್ಪಂದವನ್ನೂ ಕೇಳಲಿ, ಅದಕ್ಕೆ ನನ್ನಂಥವರ ಬೆಂಬಲವಿದೆ. ದೂರದರ್ಶನ ಚಂದನದ ಹೊಣೆ ಇನ್ನೂ ದೊಡ್ಡದು, ಅದು ತೆರಿಗೆ ಕಟ್ಟುವವರ ವಾಹಿನಿ. ಇರಾನಿನ ಮಜೀದ್ ಮಜೀದಿಯವರ 1997ರ 'ಚಿಲ್ಡ್ರನ್ ಆಫ್ ಹೆವನ್' ಚಿತ್ರದಲ್ಲಿ ಅಣ್ಣ ತಂಗಿಯ ಶೂ ಕಳೆಯುತ್ತಾನೆ, ಒಂದೇ ಜೊತೆ ಶೂಗಳನ್ನು ಇಬ್ಬರೂ ಹಂಚಿಕೊಂಡು ಶಾಲೆಗೆ ಓಡುತ್ತಾರೆ. ಚಿತ್ರ ಸಮಾಜಗಳು ಅದನ್ನು ಇಂಗ್ಲಿಷ್ ಅಡಿಬರಹದೊಂದಿಗೆ ತೋರಿಸುತ್ತವೆ. ಇಲವಾಲದ ಸರ್ಕಾರಿ ಶಾಲೆಯ ಎಂಟು ವರ್ಷದ ಮಗುವಿಗೆ ಆ ಅಡಿಬರಹದಿಂದ ಏನೂ ಉಪಯೋಗವಿಲ್ಲ. ಅಂಥ ಹತ್ತು ಚಿತ್ರಗಳನ್ನು ವರ್ಷಕ್ಕೆ ಆಯ್ದು, ಮೂಲ ಭಾಷೆ ಬಲ್ಲವರನ್ನೂ ಕನ್ನಡದ ಒಳ್ಳೆಯ ಬರಹಗಾರರನ್ನೂ ಒಟ್ಟಿಗೆ ಕೂರಿಸಿ, ಮೈಸೂರಿನಲ್ಲೇ ಧ್ವನಿ ಮುದ್ರಿಸಿ ಚಂದನದಲ್ಲಿ ಭಾನುವಾರ ತೋರಿಸುವ ಯೋಜನೆಯನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರ ಮತ್ತು ದೂರದರ್ಶನ ಈ ವರ್ಷವೇ ಕೈಗೆತ್ತಿಕೊಳ್ಳಬೇಕು.